ಒಂಬತ್ತನೇ ತರಗತಿಯ ಪೋಷಕರಿಗೆ: ಮಕ್ಕಳನ್ನು ಕಲಾವಿದರು ಬರೆದ ಚಿತ್ರ ನೋಡಲು ಬೆಂಗಳೂರಿಗೆ ಕರೆದುಕೊಂಡು ಹೋಗುವ ಬಗ್ಗೆ

ಪ್ರೀತಿಯ ಪೋಷಕರೇ,

ನಮಸ್ಕಾರ.

ಕಳೆದ ಶನಿವಾರದ ಸಭೆಯಲ್ಲಿ ಪ್ರವಾಸದ ಮಾತು ತೆಗೆದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ತಾಯಿ ಕೇಳಿದರು: "ಅಕ್ಕೋರೆ, ಚಿತ್ರ ನೋಡೂಕೆ ಬೆಂಗಳೂರಿಗೇ ಹೋಗ್ಬೇಕಾ? ಮೊಬೈಲಲ್ಲೇ ಕಾಣ್ತದಲ್ಲ?" ಅಷ್ಟರಲ್ಲಿ ಐದು ಗಂಟೆ ಬಸ್ಸಿನ ಹೊತ್ತಾಯಿತು, ಎಲ್ಲರೂ ಎದ್ದರು. ನಾನು ಅವರಿಗೆ ಸರಿಯಾದ ಉತ್ತರ ಕೊಡಲಿಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಮೊದಲು ವಿಷಯ ಹೇಳಿಬಿಡುತ್ತೇನೆ. ಜನವರಿ 8, ಗುರುವಾರ ಸಂಜೆ ಅಂಕೋಲಾ ಸ್ಟೇಷನ್ನಿನಲ್ಲಿ ಪಂಚಗಂಗಾ ರೈಲು ಹತ್ತುತ್ತೇವೆ. ಶುಕ್ರವಾರ ಬೆಳಿಗ್ಗೆ ಬೆಂಗಳೂರು. ಹಗಲು ಎರಡು ಕಡೆ ಚಿತ್ರ ನೋಡಿ ಅದೇ ಸಂಜೆ ಅದೇ ರೈಲಿಗೆ ವಾಪಸ್ಸು. ಶನಿವಾರ ಬೆಳಿಗ್ಗೆ ಮಕ್ಕಳು ನಿಮ್ಮ ಮನೆಯಲ್ಲಿರುತ್ತಾರೆ. ಲಾಡ್ಜಿನಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ. ಗದ್ದೆ ಕೊಯ್ಲು ಮುಗಿದಿರಲಿ ಅಂತಲೇ ಜನವರಿ ಆರಿಸಿದ್ದು.

ನೋಡುವ ಮೊದಲ ಜಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್. ಹಳೆಯ ಬಂಗಲೆ, ಸುತ್ತ ದೊಡ್ಡ ದೊಡ್ಡ ಮರಗಳು. 2009ರಿಂದ ಅಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಮಧ್ಯಾಹ್ನ ಊಟದ ಮೇಲೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ಅಷ್ಟೇ. ಲಾಲ್‌ಬಾಗ್ ಇಲ್ಲ, ಮಾಲ್ ಇಲ್ಲ. ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ತೋರಿಸುತ್ತೇವೆ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಯಕ್ಷಗಾನ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಆದರೂ ಪಕ್ಕದ ಊರಲ್ಲಿ ಆಟ ಇದೆ ಅಂದರೆ ನೀವು ಬೇಗ ಊಟ ಮುಗಿಸಿ, ಕಂಬಳಿ ಹಿಡಿದು ಹೊರಡುತ್ತೀರಿ ಅಲ್ವಾ? ಚಂಡೆಯ ಪೆಟ್ಟು ಎದೆಗೆ ಬಂದು ತಾಗುವುದು ಅಲ್ಲಿ ಕೂತಾಗ ಮಾತ್ರ. ಚಿತ್ರವೂ ಹಾಗೆಯೇ. ಮೋನಾಲಿಸಾ ಎಷ್ಟು ದೊಡ್ಡ ಚಿತ್ರ ಅಂತ ತರಗತಿಯಲ್ಲಿ ಕೇಳಿದೆ. ಗೋಡೆಯಷ್ಟು ಅಂದರು. ಅದು ಬರೀ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ನಮ್ಮ ಕರಿಹಲಗೆಯ ಗೋಡೆಯಲ್ಲಿ ಅದು ಹಿಡಿಸುವುದಿಲ್ಲ. ಬಾಂಬು ಬಿದ್ದು ಹಾಳಾದ ಒಂದು ಊರಿನ ಸಂಕಟದ ಚಿತ್ರ ಅದು. ಎದುರು ನಿಂತವರನ್ನು ನುಂಗುವಷ್ಟು ದೊಡ್ಡದಾಗಿ ಬರೆದಿದ್ದಾರೆ. ಮೊಬೈಲಿನಲ್ಲಿ ಎರಡೂ ಅಂಗೈ ಅಗಲ. ಬಣ್ಣ ಎಲ್ಲಿ ದಪ್ಪಗೆ ಮೆತ್ತಿದ್ದಾರೆ, ಎಲ್ಲಿ ನೀರಿನ ಹಾಗೆ ಹರಿಯಲು ಬಿಟ್ಟಿದ್ದಾರೆ ಅನ್ನುವುದು ಗಾಜಿನ ಮೇಲೆ ಕಾಣುವುದಿಲ್ಲ. ಅದಕ್ಕೆ ಚಿತ್ರದ ಮುಂದೆ ನಿಂತು, ಒಂದು ಹೆಜ್ಜೆ ಬದಿಗೆ ಸರಿದು, ಬೆಳಕಿಗೆ ಹಿಡಿದ ಹಾಗೆ ನೋಡಬೇಕು.

ಹಾಗಂತ ಕರೆದುಕೊಂಡು ಹೋದರೆ ಸಾಕು ಅಂತಲೂ ಅಲ್ಲ. ಇದನ್ನು ನಾನು ನನ್ನ ತಪ್ಪಿನಿಂದ ಕಲಿತೆ, ಅದನ್ನು ನಿಮಗೆ ಹೇಳಲೇಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರವತ್ತು ಮಕ್ಕಳನ್ನು ಒಂದು ದೊಡ್ಡ ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಒಂದೇ ದಿನಕ್ಕೆ ಆರು ಜಾಗ ಇಟ್ಟುಕೊಂಡಿದ್ದೆವು. ಒಳಗೆ ಕಾಲಿಟ್ಟು ಹೊರಗೆ ಬರಲು ಇಪ್ಪತ್ತೈದು ನಿಮಿಷ. ವರದಿ ಬರೆಯಬೇಕು ಅಂತ ನಾನೇ ಹೇಳಿದ್ದೆ. ಹಾಗಾಗಿ ಮಕ್ಕಳೆಲ್ಲ ಚಿತ್ರದ ಕೆಳಗಿನ ಚೀಟಿ ನಕಲು ಮಾಡುತ್ತಿದ್ದರು, ಚಿತ್ರದ ಕಡೆ ಕತ್ತೆತ್ತಲಿಲ್ಲ. ಒಬ್ಬಳು ಹುಡುಗಿ ಮಾತ್ರ ದೋಣಿಯ ಚಿತ್ರವೊಂದರ ಮುಂದೆ ನಿಂತುಬಿಟ್ಟಳು. ಮೀನುಗಾರರ ಮನೆಯ ಮಗಳು. ನಾನು ಎರಡು ಸಲ ಕರೆದೆ, ಬರಲಿಲ್ಲ. ಕೈ ಹಿಡಿದು ಎಳೆದುಕೊಂಡು ಬಂದೆ. ಬಸ್ಸು ಹೊರಟ ಮೇಲೆ ಅವಳು ನನ್ನ ಸೀಟಿನ ಹತ್ತಿರ ಬಂದು ಹೇಳಿದಳು: "ಅಕ್ಕೋರೆ, ಆ ದೋಣಿಗೆ ಹಗ್ಗ ಕಟ್ಟಿದ್ದು ಸರಿ ಇಲ್ಲ. ಹಾಂಗೆ ಕಟ್ಟಿದ್ರೆ ಗಾಳಿಗೆ ಬಿಚ್ಚಿ ಹೋಗ್ತದೆ." ನಾನು "ಆಯ್ತು, ಹೋಗಿ ಕೂತ್ಕೋ" ಅಂದೆ.

ಆ ದಿನ ಅರವತ್ತು ಮಕ್ಕಳಲ್ಲಿ ಚಿತ್ರ ನೋಡಿದವಳು ಅವಳೊಬ್ಬಳೇ. ಅವಳ ಮಾತು ಕೇಳುವಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲ. ಈ ಸಲದ ಪ್ರವಾಸವನ್ನು ಅವಳನ್ನು ನೆನೆದುಕೊಂಡೇ ಯೋಚನೆ ಮಾಡಿದ್ದೇನೆ.

ಆದ್ದರಿಂದ ಈ ಸಲ ಗುಂಪಿಗೆ ಎಂಟೇ ಮಕ್ಕಳು, ಒಬ್ಬರು ಶಿಕ್ಷಕರು. ಒಂದು ಗುಂಪು ಒಂದು ಗಂಟೆಯಲ್ಲಿ ನಿಂತು ಮಾತಾಡುವುದು ಐದು ಚಿತ್ರಗಳ ಮುಂದೆ ಮಾತ್ರ. ಉಳಿದ ಹೊತ್ತು ಅವರವರ ಇಷ್ಟದ ಹಾಗೆ ಸುತ್ತಲಿ. ಐದೇನಾ, ಕಡಿಮೆ ಆಯಿತು ಅಂತ ನಮ್ಮ ಶಿಕ್ಷಕರಿಗೂ ಮೊದಲು ಅನ್ನಿಸಿತು. ಅವರಿಗೆ ನಾನು ಅಮೆರಿಕದ ಒಂದು ಸಂಗತಿ ಹೇಳಿದೆ, ನಿಮಗೂ ಹೇಳುತ್ತೇನೆ.

ಅರ್ಕಾನ್ಸಾ ರಾಜ್ಯದ ಬೆಂಟನ್‌ವಿಲ್ ಎಂಬ ಊರಿನಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಎನ್ನುವ ಕಲಾ ವಸ್ತುಸಂಗ್ರಹಾಲಯ ಶುರುವಾಯಿತು. ಸುತ್ತಲಿನ ಶಾಲೆಗಳೆಲ್ಲ ನಾವು ಬರುತ್ತೇವೆ, ನಾವು ಬರುತ್ತೇವೆ ಅಂದವು. ಎಲ್ಲರಿಗೂ ಜಾಗ ಸಾಲದೆ ಚೀಟಿ ಎತ್ತಬೇಕಾಯಿತು. ಅಲ್ಲಿನ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆಗೆ ಬಳಸಿಕೊಂಡರು. 123 ಶಾಲೆಗಳ ಸುಮಾರು 11,000 ಮಕ್ಕಳಲ್ಲಿ ಹೋಗಿ ಬಂದವರನ್ನೂ ಇನ್ನೂ ಹೋಗದವರನ್ನೂ ಹೋಲಿಸಿ ನೋಡಿದರು. ಹೋದ ಮಕ್ಕಳು ಅಲ್ಲಿ ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ಐದೇ ಚಿತ್ರ ನೋಡಿ ಮಾತಾಡಿದ್ದು. ಅದರಲ್ಲಿ ಈಸ್ಟ್‌ಮನ್ ಜಾನ್ಸನ್ ಎಂಬವರ ಒಂದು ಹಳೆಯ ಚಿತ್ರ ಇತ್ತು. ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡುವ ಜನರ ಚಿತ್ರ, ನಮ್ಮ ಆಲೆಮನೆಯ ಹಾಗೇ ಅನ್ನಿ. ಆಗ ಅಲ್ಲಿ ಸಕ್ಕರೆ ತಯಾರಾಗುತ್ತಿದ್ದುದು ಗುಲಾಮರ ದುಡಿಮೆಯಿಂದ. ಆ ಸಕ್ಕರೆ ಬೇಡ ಅಂತ ಗುಲಾಮಗಿರಿಯ ವಿರೋಧಿಗಳು ಈ ಪಾಕ ಮಾಡುತ್ತಿದ್ದರು. ವಾರಗಳು ಕಳೆದ ಮೇಲೆ ಕೇಳಿದಾಗ ಆ ಚಿತ್ರ ನೋಡಿದ ಮಕ್ಕಳಲ್ಲಿ ನೂರಕ್ಕೆ 88 ಮಂದಿಗೆ ಇದು ನೆನಪಿತ್ತು. ಪರೀಕ್ಷೆಗೆ ಬರುತ್ತದೆ ಅಂತ ಯಾರೂ ಹೆದರಿಸಿರಲಿಲ್ಲ. ಚಿತ್ರವನ್ನು ಬಿಡಿಸಿ ನೋಡುವ, ಬೇರೆ ಕಾಲದ ಜನರ ಕಷ್ಟ ಊಹಿಸಿಕೊಳ್ಳುವ ಶಕ್ತಿಯೂ ಹೋಗಿ ಬಂದವರಲ್ಲಿ ಜಾಸ್ತಿ ಕಂಡಿತು. ನನಗೆ ತಾಗಿದ್ದು ಇನ್ನೊಂದು ಮಾತು: ಹಳ್ಳಿಯ ಶಾಲೆಗಳ ಮಕ್ಕಳಿಗೆ, ಬಡವರ ಮಕ್ಕಳಿಗೆ ಆದ ಲಾಭ ಉಳಿದವರಿಗಿಂತ ದೊಡ್ಡದು. ಪೇಟೆಯ ಮಕ್ಕಳನ್ನು ಅಪ್ಪ ಅಮ್ಮ ಭಾನುವಾರ ಕರೆದುಕೊಂಡು ಹೋದಾರು. ನಮ್ಮ ಮಕ್ಕಳನ್ನು ಶಾಲೆ ಕರೆದುಕೊಂಡು ಹೋಗದಿದ್ದರೆ ಇನ್ಯಾರು ಕರೆದುಕೊಂಡು ಹೋಗಬೇಕು?

ಚಿತ್ರದ ಮುಂದೆ ನಿಂತು ನಮ್ಮ ಶಿಕ್ಷಕರು ಪಾಠ ಮಾಡುವುದಿಲ್ಲ. ಮೂರೇ ಪ್ರಶ್ನೆ ಕೇಳುತ್ತಾರೆ. ಇಲ್ಲಿ ಏನು ನಡೀತಾ ಇದೆ? ಏನು ಕಂಡು ಹಾಗೆ ಹೇಳಿದೆ? ಇನ್ನೂ ಏನು ಕಾಣ್ತದೆ? ಇದು ನಮ್ಮದೇನಲ್ಲ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವಿನ್ ಮತ್ತು ಸಂಶೋಧಕಿ ಅಬಿಗೈಲ್ ಹೌಸೆನ್ ಸೇರಿ ರೂಢಿಸಿದ ಕ್ರಮ. ನೋಡಲು ಸುಲಭ. ಎರಡನೇ ಪ್ರಶ್ನೆಯೇ ಕಷ್ಟದ್ದು. "ಈ ಹೆಂಗಸಿಗೆ ಬೇಜಾರಾಗಿದೆ" ಅಂದ ಹುಡುಗ ಅದಕ್ಕೆ ಚಿತ್ರದಲ್ಲೇ ಸಾಕ್ಷಿ ತೋರಿಸಬೇಕು. ಗಣಿತದ ಮಾಸ್ತರು ಇದನ್ನು ಕೇಳಿ, "ಇದು ನನ್ನ ತರಗತಿಯದೇ ಪ್ರಶ್ನೆ" ಅಂದರು. ಈಗ ಅವರೇ ಎಲ್ಲರಿಗಿಂತ ಮುಂದೆ ನಿಂತಿದ್ದಾರೆ.

ಹೊರಡುವ ಮುಂಚೆ ನಮ್ಮ ಸುತ್ತಲಿನದನ್ನೇ ನೋಡಿ ಕಣ್ಣು ಪಳಗಿಸಿಕೊಳ್ಳುತ್ತೇವೆ. ಡಿಸೆಂಬರಿನಲ್ಲಿ ಒಂದು ದಿನ ಕಾವಿ ಚಿತ್ರ ಇರುವ ಗುಡಿಗೆ ಹೋಗುತ್ತೇವೆ. ನಿಮ್ಮಲ್ಲಿ ತುಂಬಾ ಜನ ದಿನಾ ಅದರ ಮುಂದೆ ಕೈಮುಗಿದು ಬಂದಿರುತ್ತೀರಿ. ಚಿಪ್ಪು ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲ ಸೇರಿಸಿ ಕೊಳೆಯಲು ಇಟ್ಟು, ಕುಟ್ಟಿ ಗಾರೆ ಮಾಡುತ್ತಿದ್ದರು. ಅದನ್ನು ಗೋಡೆಗೆ ಬಳಿದು, ಹಸಿ ಇರುವಾಗಲೇ ಮೇಲೆ ಕೆಂಪು ಕಾವಿ ಎಳೆದು, ಚೂಪಾದ ಕಬ್ಬಿಣದ ಕಡ್ಡಿಯಿಂದ ಕೆರೆಯುತ್ತಿದ್ದರು. ಕೆರೆದಲ್ಲಿ ಬಿಳಿ ಕಾಣುತ್ತದೆ, ಬಿಟ್ಟಲ್ಲಿ ಕೆಂಪು. ತಪ್ಪಿದರೆ ಅಳಿಸಿ ತಿದ್ದುವ ಹಾಗಿಲ್ಲ. ಶಿರಸಿಯ ಮಾರಿಕಾಂಬೆ ಗುಡಿಯಲ್ಲೂ ಈ ಕೆಲಸ ಇದೆ. ಕರಾವಳಿಯ ಎಷ್ಟೋ ಗುಡಿಗಳಲ್ಲಿ ಜೀರ್ಣೋದ್ಧಾರದ ಹೊತ್ತಿಗೆ ಇದನ್ನು ಕೆಡವಿ ಟೈಲ್ಸ್ ಹಾಕಿಬಿಟ್ಟರು. ಇದು ಚಿತ್ರ ಅಂತ ಯಾರೂ ನಿಂತು ನೋಡಿರಲಿಲ್ಲ, ಹಾಗಾಗಿ ಉಳಿಸಬೇಕು ಅಂತಲೂ ಅನ್ನಿಸಲಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ.

ಇನ್ನೊಂದು, ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿ ಸೇರಿಸಿ ಹೊಲಿಯುವ ಕೌದಿಗಳು ನ್ಯೂಯಾರ್ಕಿನಲ್ಲೂ ಪ್ರದರ್ಶನಕ್ಕೆ ಹೋಗಿವೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಒಂದೊಂದು ಹೂವು ಹೊಲಿಯದಿದ್ದರೆ ಆ ಕೌದಿ ಅವರಿಗೆ ಪೂರ್ತಿ ಆದ ಹಾಗಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಎರಡು ದಿನದ ಮಟ್ಟಿಗೆ ಶಾಲೆಗೆ ಕಳಿಸಿಕೊಡಿ. ಹರಿದದ್ದಾದರೂ ಪರವಾಗಿಲ್ಲ. ಗೋಡೆಗೆ ತೂಗುಹಾಕಿ, ಅದರ ಮುಂದೆಯೂ ಇದೇ ಮೂರು ಪ್ರಶ್ನೆ ಕೇಳುತ್ತೇವೆ.

ಕಾರವಾರದ ಕಡಲ ತೀರಕ್ಕೆ ಟಾಗೋರರ ಹೆಸರು ಯಾಕೆ ಬಂತು ಅನ್ನುವುದು ನಿಮಗೆ ಗೊತ್ತೇ ಇದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತೆರಡು ವಯಸ್ಸಿನ ಆಸುಪಾಸಿನಲ್ಲಿ ರವೀಂದ್ರರು ಬಂದು ಇದ್ದು, ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ಆದರೆ ಅವರು ಚಿತ್ರ ಬರೆಯಲು ಗಟ್ಟಿಯಾಗಿ ಕೂತದ್ದು ಅರವತ್ತು ದಾಟಿದ ಮೇಲೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಲಿಲ್ಲ. ಕವಿತೆ ಬರೆಯುವಾಗ ಬೇಡದ ಸಾಲು ಹೊಡೆದು ಹಾಕುತ್ತಿದ್ದರಲ್ಲ, ಆ ಗೀಟುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದರು. ಅದರಿಂದ ಹಕ್ಕಿ, ಮುಖ, ಹೆಸರಿಲ್ಲದ ಪ್ರಾಣಿಗಳು ಎದ್ದು ಬಂದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಆಯಿತು. ತೀರಿಕೊಳ್ಳುವ ಹೊತ್ತಿಗೆ ಎರಡು ಸಾವಿರಕ್ಕಿಂತ ಜಾಸ್ತಿ ಚಿತ್ರ ಬರೆದಿದ್ದರು. ಇದನ್ನು ಕೇಳಿದ ಮೇಲೆ ಒಂಬತ್ತನೇ ತರಗತಿಯಲ್ಲಿ ತಪ್ಪಾದ ಹಾಳೆ ಹರಿದು ಬಿಸಾಡುವುದು ನಿಂತಿದೆ. ನೋಟ್‌ಬುಕ್ಕಿನಲ್ಲಿ ಹಕ್ಕಿ ಕಂಡರೆ ಬೈಯಬೇಡಿ, ನಾವೇ ಹೇಳಿದ್ದು. ರಾಷ್ಟ್ರೀಯ ಸಂಗ್ರಹಾಲಯದ ಹತ್ತಿರ ಅವರ ಚಿತ್ರಗಳಿವೆ. ಆದರೆ ಗೋಡೆಯ ಮೇಲಿನ ಚಿತ್ರಗಳನ್ನು ಆಗಾಗ ಬದಲಾಯಿಸುತ್ತಾರೆ. ಹಾಗಾಗಿ ಡ್ರಾಯಿಂಗ್ ಮಾಸ್ತರು ಹದಿನೈದು ದಿನ ಮೊದಲೇ ಹೋಗಿ ನೋಡಿ, ಐದೈದು ಚಿತ್ರ ಆರಿಸಿ ಬರುತ್ತಾರೆ. ಪರಿಷತ್ತಿನಲ್ಲಿ ಕೆ.ಕೆ. ಹೆಬ್ಬಾರರ ಗ್ಯಾಲರಿ ಇದೆ, ಅದನ್ನು ಬಿಡುವುದಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು ಅವರು. ಗೆರೆಗೆ ಲಯ ಸಿಗಲಿ ಅಂತ ಕಥಕ್ ಕಲಿತವರು.

ಇನ್ನು ನಿಮ್ಮ ಭಯದ ವಿಷಯ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ತೀರಿಕೊಂಡರು. ಅದಾದ ಮೇಲೆ ಪ್ರವಾಸ ಅಂದರೆ ನಿಮಗೆ ಎದೆ ಝಲ್ ಅನ್ನುತ್ತದೆ, ನನಗೂ ಅನ್ನುತ್ತದೆ. ಈ ಪ್ರವಾಸದಲ್ಲಿ ಹೊಳೆ, ಕೆರೆ, ಕಡಲು ಯಾವುದರ ಹತ್ತಿರವೂ ನಿಲ್ಲುವುದಿಲ್ಲ. 40 ಮಕ್ಕಳಿಗೆ ಐದು ಶಿಕ್ಷಕರು ಮತ್ತು ನಾನು. ನಿಮ್ಮಲ್ಲಿ ಇಬ್ಬರು ತಾಯಂದಿರು ಜೊತೆಗೆ ಬಂದರೆ ನನಗೆ ದೊಡ್ಡ ಧೈರ್ಯ. ರೈಲಿನಲ್ಲಿ ರಾತ್ರಿ ಇಬ್ಬರು ಶಿಕ್ಷಕರು ಸರದಿಯ ಮೇಲೆ ಎಚ್ಚರವಿರುತ್ತಾರೆ. ಇಲಾಖೆಯ ಅನುಮತಿ ಕೈಗೆ ಬರದೆ ಟಿಕೆಟ್ ಮಾಡಿಸುವುದಿಲ್ಲ.

ಖರ್ಚು ತಲೆಗೆ 1,200 ರೂಪಾಯಿ. ರೈಲ್ವೆಯ ವಿದ್ಯಾರ್ಥಿ ರಿಯಾಯಿತಿಗೆ ಅರ್ಜಿ ಹಾಕಿದ್ದೇವೆ, ಸಿಕ್ಕರೆ ಉಳಿದ ದುಡ್ಡು ವಾಪಸ್ಸು ಕೊಡುತ್ತೇವೆ. ಕೊಡಲು ಆಗದವರು ದಯವಿಟ್ಟು ಸಾಲ ಮಾಡಬೇಡಿ. ನನಗೊಬ್ಬಳಿಗೆ ಹೇಳಿ, ಸಾಕು. ದುಡ್ಡಿನ ಕಾರಣಕ್ಕೆ ಒಂದು ಮಗುವೂ ಹಿಂದೆ ಉಳಿಯಬಾರದು ಅಂತ ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ.

ಗುರುವಾರ ರಾತ್ರಿಗೆ ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಡಿ. ಮೀನು ಬೇಡ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಹೆಸರು ಬರೆದು ನನ್ನ ಕೈಗೆ ಕೊಡಿ. ಮಕ್ಕಳ ಹತ್ತಿರ ಮೊಬೈಲ್ ಬೇಡ, ಪೆನ್ನೂ ಬೇಡ. ಚಿತ್ರದ ಹತ್ತಿರ ಶಾಯಿ ಒಯ್ಯಬಾರದು. ಪೆನ್ಸಿಲ್ ಮತ್ತು ಗೀಟಿಲ್ಲದ ಪುಸ್ತಕ ಶಾಲೆಯಿಂದಲೇ ಕೊಡುತ್ತೇವೆ. ಚಿತ್ರ ಮುಟ್ಟಬಾರದು ಅಂತ ಮನೆಯಲ್ಲೂ ಒಂದು ಮಾತು ಹೇಳಿ. ಕೈಯ ಬೆವರು, ಎಣ್ಣೆ ಬಣ್ಣಕ್ಕೆ ಕೂತರೆ ಹೋಗುವುದಿಲ್ಲ.

ಈ ಸಲ ವರದಿ ಬರೆಸುವುದಿಲ್ಲ, ಅಂಕವೂ ಇಲ್ಲ. ಪ್ರತಿ ಮಗು ತಾನು ನಿಂತು ನೋಡಿದ ಒಂದೇ ಒಂದು ಚಿತ್ರವನ್ನು ನೆನಪಿನಿಂದ ಬರೆದು ತರುತ್ತದೆ. ಚಂದ ಬರಬೇಕಂತಿಲ್ಲ. ಶನಿವಾರ ರಾತ್ರಿ ಊಟದ ಹೊತ್ತಿಗೆ ಅದನ್ನು ನಿಮಗೆ ತೋರಿಸಲು ಹೇಳಿದ್ದೇನೆ. ಆಗ ಹತ್ತು ನಿಮಿಷ ಟಿವಿ ಆರಿಸಿ ಆ ಮೂರು ಪ್ರಶ್ನೆ ನೀವೂ ಕೇಳಿ. ಮಗ ಅಥವಾ ಮಗಳು ಹಗ್ಗ ತಪ್ಪು ಕಟ್ಟಿದ್ದಾರೆ ಅಂದರೆ, ಹೇಗೆ ಕಟ್ಟಬೇಕಿತ್ತು ಅಂತ ಕೇಳಿ.

ಒಪ್ಪಿಗೆ ಪತ್ರ ಇದರ ಜೊತೆಗೇ ಇದೆ. ಸಹಿ ಮಾಡಿ ಡಿಸೆಂಬರ್ 12ರ ಒಳಗೆ ತರಗತಿ ಶಿಕ್ಷಕರಿಗೆ ಕಳಿಸಿ. ಕಳಿಸಲು ಮನಸ್ಸಿಲ್ಲದಿದ್ದರೂ ಒಮ್ಮೆ ಬಂದು ಮಾತಾಡಿ. ನಾಲ್ಕು ಗಂಟೆಯ ಮೇಲೆ ನಾನು ಶಾಲೆಯಲ್ಲೇ ಇರುತ್ತೇನೆ. ಮೊಬೈಲಿನ ಪ್ರಶ್ನೆ ಕೇಳಿದ ತಾಯಿಗೆ ಒಂದು ಕೋರಿಕೆ: ಜೊತೆಗೆ ಬರುವ ಇಬ್ಬರಲ್ಲಿ ನೀವೊಬ್ಬರು ಆಗಬಹುದಾ?

ನಿಮ್ಮವಳೇ ಆದ
ಮುಖ್ಯ ಶಿಕ್ಷಕಿ