ಆ್ಯಪ್‌ನ ಬಟನ್‌ಗಳಿಗೆ ಹೆಸರು ಬರೀರಿ

ಮಾನ್ಯ ಸಂಪಾದಕರೇ,

ನನಗೆ ಕಣ್ಣು ಕಾಣೋದಿಲ್ಲ, ಆದ್ರೆ ಫೋನ್ ಚೆನ್ನಾಗೇ ಬಳಸ್ತೇನೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಅಂತ ಇದೆ, ಆನ್ ಮಾಡಿದ್ರೆ ಬೆರಳು ಇಟ್ಟಲ್ಲಿ ಏನಿದೆ ಅಂತ ಕನ್ನಡದಲ್ಲೇ ಓದ್ತದೆ, ಎರಡು ಸಲ ತಟ್ಟಿದ್ರೆ ತೆರೀತದೆ, ಐಫೋನ್‌ನವ್ರಿಗೆ ಇದೇ ಕೆಲಸಕ್ಕೆ ವಾಯ್ಸ್‌ಓವರ್, ಎರಡಕ್ಕೂ ಬೇರೆ ದುಡ್ಡಿಲ್ಲ. ಕಾರವಾರದ ಮೀನು ಮಾರ್ಕೆಟ್ಟಲ್ಲಿ ಚಿಲ್ಲರೆ ಕೊಟ್ರೆ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ತೆರೆದು ಕ್ಯಾಮೆರಾ ಮುಂದೆ ನೋಟು ಹಿಡೀತೇನೆ, ನೂರೋ ಇನ್ನೂರೋ ಅದೇ ಹೇಳ್ತದೆ (ಬಂಗುಡೆ ತಾಜಾ ಹೌದೋ ಅಲ್ವೋ ಅನ್ನೋದಕ್ಕೆ ಮೂಗೇ ಗತಿ).

ತೊಂದ್ರೆ ಇರೋದು ಆ್ಯಪ್ ಮಾಡೋರ ಹತ್ರ. ನಮ್ಮ ಬ್ಯಾಂಕಿನ ಆ್ಯಪ್ ತೆರೆದು ಬೆರಳಾಡಿಸಿದ್ರೆ "ಬಟನ್, ಬಟನ್, ಬಟನ್" ಅಷ್ಟೇ ಕೇಳ್ತದೆ, ಯಾವ್ದು ಹಣ ಕಳ್ಸೋದು ಯಾವ್ದು ಕ್ಯಾನ್ಸಲ್ ದೇವ್ರಿಗೇ ಗೊತ್ತು, ಒಳಗೆ ಯಾರೂ ಬಟನ್‌ಗೆ ಹೆಸರೇ ಬರ್ದಿಲ್ಲ. ಕೆವೈಸಿಗೆ, ಅಂದ್ರೆ ಗ್ರಾಹಕರ ಗುರುತು ಖಾತ್ರಿ ಮಾಡ್ಕೊಳ್ಳೋದಕ್ಕೆ, ಬೇರೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತದೆ! 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಇದಕ್ಕೆ ಬೇರೆ ದಾರಿನೂ ಕೊಡಿ, ಅಂಧರಿಗೂ ಆಗೋ ಹಾಗೆ ಮಾಡಿ ಅಂದಿದೆ. ಬ್ರಾಂಚಲ್ಲಿ ಕೇಳಿದ್ರೆ "ಮನೇಲಿ ಯಾರ ಹತ್ರಾದ್ರೂ ಮಾಡಿಸ್ಕೊಳ್ಳಿ" ಅಂತಾರೆ, ಪಿನ್ ಯಾರಿಗೂ ಹೇಳ್ಬೇಡಿ ಅಂತ ಮೆಸೇಜ್ ಕಳ್ಸೋದೂ ಇವ್ರೇ.

– ಓದುಗ, ಕಾರವಾರ