ಬೆಟ್ಟ ಹತ್ತಿ ಬಂದೆ, ನಿಮಗೆಲ್ಲ ಕೈಮುಗಿಯಬೇಕಿದೆ

ಮೊನ್ನೆ ಭಾನುವಾರ ಬೆಳಿಗ್ಗೆ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ. ಅರ್ಧ ದಾರಿಗೆ ಎದೆ ಡವಡವ ಅಂತು, ಏದುಸಿರು ಬಂತು. ಕಂಬಿ ಹಿಡಿದು ನಿಂತೆ. ಕೈ ನಾಡಿಗೆ ಹೋಗಲಿಲ್ಲ. ಮತ್ತೆ ಹತ್ತಿದೆ. ಹಾಸನದವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಹೋದ ವರ್ಷ ನಾನು ಬಟ್ಟೆ ಒಣಹಾಕಲು ನಮ್ಮ ಮನೆಯ ತಾರಸಿಗೂ ಹತ್ತುತ್ತಿರಲಿಲ್ಲ.

2025ರ ಜೂನ್ ನಿಮಗೂ ನೆನಪಿರುತ್ತದೆ. ಟಿವಿ ಹಾಕಿದರೆ ಹಾಸನ, ಹೃದಯಾಘಾತ. ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸಾಲು ನಿಂತರು, ನಾನೂ ನಿಂತೆ. ಜಿಲ್ಲೆಯಲ್ಲಿ ಇಂಥ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಜುಲೈನಲ್ಲಿ ಹೇಳಿತು. ಅಷ್ಟರಲ್ಲಿ ಭಯ ನನ್ನೊಳಗೆ ಬೇರು ಬಿಟ್ಟಿತ್ತು. ಒಂದು ರಾತ್ರಿ ಬ್ಲೌಸಿಗೆ ಹುಕ್ ಹೊಲಿಯುತ್ತಿದ್ದೆ. ಬೆರಳು ಜುಮುಗುಟ್ಟಿ ಸೂಜಿ ಜಾರಿತು, ಎದೆ ಬಿಗಿಯಿತು, ಮುಗಿಯಿತು ನನ್ನ ಕಥೆ ಅಂದುಕೊಂಡೆ. ಇಸಿಜಿ ನಾರ್ಮಲ್. ಹೀಗೆ 4 ಇಸಿಜಿ, ಒಂದು ಎಕೋ. ರಿಪೋರ್ಟ್ ಬಂದಾಗ ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೆ ಅದೇ.

ಒಂದು ಕಡೆ 'ಸುಮ್ಮನೆ ನಾಟಕ' ಎಂಬ ಮಾತೂ ಕಿವಿಗೆ ಬಿತ್ತು. ಆದರೆ ನಾಲ್ಕನೇ ಇಸಿಜಿ ದಿನ ರಾತ್ರಿ ಪಾಳಿಯಲ್ಲಿದ್ದ ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತರು. "ನಿಮ್ಮ ಹೃದಯ ಚೆನ್ನಾಗಿದೆ. ಆದ್ರೆ ನಿಮಗೆ ಆಗ್ತಿರೋದು ಸುಳ್ಳಲ್ಲ, ಅದು ಪ್ಯಾನಿಕ್ ಅಟ್ಯಾಕ್, ಅಂದ್ರೆ ಇದ್ದಕ್ಕಿದ್ದ ಹಾಗೆ ಬರೋ ವಿಪರೀತ ಗಾಬರಿ, ಚಿಕಿತ್ಸೆ ಇದೆ" ಅಂದರು. ಸರ್, ನಿಮ್ಮ ಹೆಸರೂ ಕೇಳಿಕೊಳ್ಳದೆ ಬಂದೆ. ಆ ಮಾತಿನಿಂದಲೇ ಬದುಕಿದ್ದೇನೆ.

ಹುಚ್ಚಿನ ಡಾಕ್ಟರ ಹತ್ತಿರ ಹೋಗ್ತಾಳಂತೆ ಅನ್ನುವ ಮಾತಿಗೆ ಕಿವಿಗೊಡದೆ "ಅತ್ತಿಗೆ, ನಾನೂ ಬರ್ತೀನಿ, ನಡೀರಿ" ಎಂದು ಹೊರಟ ನನ್ನ ನಾದಿನಿಗೆ ಋಣಿ.

ಇನ್ನು ಅಲ್ಲಿ ನನಗೆ ಚಿಕಿತ್ಸೆ ಕೊಟ್ಟ ಮೇಡಂ. ಮೊದಲ ದಿನಗಳಲ್ಲೇ ಒಂದು ನಿಮಿಷ ಜೋರಾಗಿ ಉಸಿರಾಡಿ ಅಂದರು. ಕುರ್ಚಿಯಲ್ಲೇ ಅದೇ ಜುಮುಜುಮು, ಅದೇ ತಲೆಸುತ್ತು! ಉಸಿರು ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಹಾಗಾಗಿ ಬೆರಳು ಜುಮುಗುಟ್ಟುತ್ತದೆ ಎಂದು ವಿವರಿಸಿದರು. ಸಾವಿನ ಲಕ್ಷಣ ಅಂದುಕೊಂಡದ್ದು ನಾನೇ ತರಿಸಿದಾಗ ಬಂತು, ಸ್ವಲ್ಪ ಹೊತ್ತಿಗೆ ತಾನೇ ಹೋಯಿತು. ನಾಡಿ ಎಷ್ಟು ಸಲ ಮುಟ್ಟುತ್ತೇನೆಂದು ಪುಸ್ತಕದಲ್ಲಿ ಗೀಟು ಹಾಕಿಸಿದರು. ಮೊದಲ ದಿನ 43 ಗೀಟು. ಆಮೇಲೆ ಬೇಕೆಂದೇ ಮೆಟ್ಟಿಲು ಹತ್ತಿಸಿದರು, ಎದೆ ಬಡಿದರೂ ಮುಟ್ಟಿ ನೋಡುವಂತಿಲ್ಲ.

12 ವಾರದಲ್ಲಿ ಒಮ್ಮೆಯೂ ಅವರು 'ಏನೂ ಆಗಲ್ಲ ಬಿಡಿ' ಅನ್ನಲಿಲ್ಲ. ನನಗೆ ಸಿಟ್ಟೇ ಬಂದಿತ್ತು. ಸಮಾಧಾನ ಒಂದು ಗಂಟೆ ಇರುತ್ತದೆ, ಮತ್ತೆ ಕೇಳಬೇಕಾಗುತ್ತದೆ, ಕೇಳಿದಷ್ಟೂ ಭಯ ಕೊಬ್ಬುತ್ತದೆ ಎಂದು ತಿಳಿಯಲು ತಿಂಗಳು ಬೇಕಾಯಿತು.

ಇದರಲ್ಲಿ ಹೆಚ್ಚು ಕಷ್ಟ ಪಟ್ಟವರು ನಮ್ಮ ಮನೆಯವರು. "ಏನ್ರೀ, ನಂಗೇನೂ ಆಗಲ್ಲ ಅಲ್ವಾ?" ಎಂದು ರಾತ್ರಿ ಹತ್ತು ಸಲ ಕೇಳಿದರೆ ಹತ್ತು ಸಲವೂ "ಇಲ್ಲ ಕಣೇ" ಅನ್ನುತ್ತಿದ್ದವರು. ಉತ್ತರ ಕೊಡಬೇಡಿ ಎಂದು ಅವರಿಗೂ ಮೇಡಂ ಹೇಳಿಕೊಟ್ಟರು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ನಾನು ಅತ್ತು ಕೇಳಿದೆ. ಅವರು ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡಿದ್ದರು. "ಗಾಬರಿ ಬಂದಿದೆ ಅನ್ಸುತ್ತೆ. ನಾನಿಲ್ಲೇ ಇದೀನಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ಹಿತುಕುತ್ತ ಕೂತರು. ಕೈ ನಡುಗುತ್ತಿತ್ತು, ಕಾಳು ಬೋಗುಣಿಯಾಚೆ ಹಾರುತ್ತಿತ್ತು. ಸ್ವಲ್ಪ ಹೊತ್ತಿಗೆ ನಾನೂ ಕೈಹಾಕಿದೆ. ಬೋಗುಣಿ ಮುಗಿಯುವ ಮೊದಲೇ ಗಾಬರಿ ಇಳಿದಿತ್ತು. ರೀ, ಆ ರಾತ್ರಿ ನೀವು ಬಾಯಿ ಕಟ್ಟಿಕೊಂಡದ್ದಕ್ಕೆ ಏನು ಕೊಟ್ಟರೂ ಸಾಲದು.

ಮಾತ್ರೆಯೂ ಇತ್ತು, ಡಾಕ್ಟರೇ ಈಗ ಕಡಿಮೆ ಮಾಡುತ್ತಿದ್ದಾರೆ. ಗಾಬರಿ ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಎದೆನೋವು ಬಂದವರು ಮೊದಲು ಹೃದಯವನ್ನೇ ತೋರಿಸಿ, ದಯವಿಟ್ಟು ತಡಮಾಡಬೇಡಿ. ಅಲ್ಲಿ ಎಲ್ಲ ಸರಿಯಿದ್ದೂ ಭಯ ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ತಿಂಗಳುಗಟ್ಟಲೆ ತಡವಾದರೂ ಬಟ್ಟೆ ವಾಪಸ್ ಒಯ್ಯದೆ ಕಾದ ನನ್ನ ಗಿರಾಕಿಗಳಿಗೆ ಕೈಮುಗಿಯುತ್ತೇನೆ. ಯುಗಾದಿಗೆ ಕೊಟ್ಟ ಬ್ಲೌಸುಗಳು ಎಲ್ಲ ರೆಡಿ ಇವೆ. ಸಂಜೆ ಐದರ ಮೇಲೆ ಬನ್ನಿ.