ಪರೀಕ್ಷೆ ಹತ್ತಿರ ಬಂತು, ಮಕ್ಕಳ ನಿದ್ದೆ ಕೆಡಿಸಬೇಡಿ

ಹತ್ತನೇ ತರಗತಿಯ ಎಲ್ಲ ಪೋಷಕರಿಗೂ ನಮಸ್ಕಾರ.

ಈ ವಾರ ಮೊದಲ ಪೀರಿಯಡ್‌ನಲ್ಲೇ ನಾಲ್ಕೈದು ಮಕ್ಕಳು ತೂಕಡಿಸುತ್ತಿದ್ದರು. ಒಬ್ಬ ಹುಡುಗ ಪೈಥಾಗೊರಸ್ ಪ್ರಮೇಯ ಬರೆಯುತ್ತಾ ಅರ್ಧಕ್ಕೇ ನಿಂತಿದ್ದ. ಪೆನ್ನಿನ ಗೆರೆ ಪುಟದ ತುದಿವರೆಗೂ ಜಾರಿತ್ತು. ಕೇಳಿದರೆ, "ರಾತ್ರಿ ಎರಡು ಗಂಟೆವರೆಗೆ ಓದಿದೆ ಮಿಸ್" ಅಂದ.

ಓದಿದ್ದು ತಲೆಯಲ್ಲಿ ಕೂರಬೇಕಾದರೆ ನಿದ್ದೆ ಬೇಕು. ಹಗಲು ಕಲಿತದ್ದನ್ನು ಮಿದುಳು ರಾತ್ರಿ ಮತ್ತೆ ತಿರುವಿ ಹಾಕಿ ಗಟ್ಟಿ ಮಾಡಿಕೊಳ್ಳುತ್ತದೆ. ಇದೇನೂ ಹೊಸ ಮಾತಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಶಬ್ದಗಳನ್ನು ಬಾಯಿಪಾಠ ಮಾಡಿಸಿ ನೋಡಿದ್ದರು. ಕಲಿತ ಮೇಲೆ ಮಲಗಿದಾಗ ಜಾಸ್ತಿ ನೆನಪಿತ್ತು, ಎಚ್ಚರವಿದ್ದಾಗ ಕಡಿಮೆ. ಅದು ಪ್ರಕಟವಾದದ್ದು 1924ರಲ್ಲಿ!

13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಲ್ಲಿ ನಿದ್ದೆ ಹತ್ತುವುದೂ ತಡ. ಅದು ಸೋಮಾರಿತನ ಅಲ್ಲ, ದೇಹದ ಗಡಿಯಾರವೇ ಹಾಗೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವವರು ಸ್ವಲ್ಪ ಲೆಕ್ಕ ಹಾಕಿ, ಮಗು ಮಲಗಿದ್ದು ಎಷ್ಟು ಗಂಟೆಗೆ? ನಮ್ಮಮ್ಮನೂ ಹಾಗೇ ಎಬ್ಬಿಸುತ್ತಿದ್ದರು. ಆದರೆ ಆಗ ಮನೆಯಲ್ಲಿ ಒಂಬತ್ತಕ್ಕೇ ದೀಪ ಆರುತ್ತಿತ್ತು, ಅಲ್ವಾ?

ಸಂಜೆ ಮೇಲೆ ಕಾಫಿ ಬೇಡ. ಅದರಲ್ಲಿನ ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಹಿಡಿಯುತ್ತದೆ. ಮೊಬೈಲ್ ಹಾಲ್‌ನಲ್ಲೇ ಚಾರ್ಜ್‌ಗೆ ಇರಲಿ.

ಸೋಮವಾರದಿಂದ ರಾತ್ರಿ 8ರ ಮೇಲೆ ನಾನೂ ಈ ಗುಂಪಿಗೆ ಹೋಂವರ್ಕ್ ಹಾಕುವುದಿಲ್ಲ.